ಕುದುರೆಯ ಕೆಳಗೊಂದು ಕಿವಿ



ಹಳಗನ್ನಡ ಕಾವ್ಯಗಳನ್ನು ಮೂರು ದಶಕಗಳಿಗೂ ಹೆಚ್ಚು ಕಾಲ ಪಾಠ ಹೇಳಿ ನಿವೃತ್ತನಾದವನೊಬ್ಬ ಈ ಹೊತ್ತು ಗಿಟಾರಿನ ವಿಷಯ ಮಾತನಾಡಲು ಕುಳಿತಿದ್ದಾನೆಂದರೆ ನಿಮಗೆ ಆಶ್ಚರ್ಯವಾದೀತು. ನನ್ನ ಮಟ್ಟಿಗೂ ಇದು ಅನಿರೀಕ್ಷಿತವೇ. ಆ ವಾದ್ಯದ ಪರಿಚಯ ನನಗಾದದ್ದು ತೀರ ಈಚೆಗೆ, ಅದೂ ಮೊಮ್ಮಗಳ ಮೂಲಕ. ಆಕೆಗೆ ಈಗ ಹದಿನಾರು. ಐದು ವರ್ಷಗಳಿಂದ ಸ್ಪೇನ್ ದೇಶದ ಸಂಪ್ರದಾಯದ ಶಾಸ್ತ್ರೀಯ ಗಿಟಾರನ್ನು ಕಲಿಯುತ್ತಿದ್ದಾಳೆ. ಉಕ್ಕಿನ ತಂತಿಗಳ ಬದಲು ನೈಲಾನ್ ತಂತಿಗಳನ್ನು ಬಿಗಿದು, ಬೆರಳುಗಳಿಂದಲೇ ಮೀಟುವ ವಾದ್ಯ ಅದು. ಸಂಜೆ ನಡುಮನೆಯಲ್ಲಿ ಕುಳಿತು ಅವಳು ಅಭ್ಯಾಸ ಮಾಡುವಾಗ ಪಕ್ಕದ ಕೋಣೆಯಲ್ಲಿರುವ ನನ್ನ ಓದಿಗೆ ಒಂದು ದಿನವೂ ಭಂಗ ಬಂದದ್ದಿಲ್ಲ. ಅಷ್ಟು ಮೆಲುದನಿ ಅದರದು.

ಆ ಮೆಲುದನಿಯೇ ಹೋದ ವರ್ಷ ನಮ್ಮ ಮನೆಯಲ್ಲಿ ಒಂದು ಮನಸ್ತಾಪಕ್ಕೆ ಕಾರಣವಾಯಿತು. ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳು ನುಡಿಸಬೇಕಾಗಿತ್ತು. ವೇದಿಕೆಯ ಮೇಲೆ ಭಾಷಣಕ್ಕೆಂದು ಇಟ್ಟಿದ್ದ ಮೈಕನ್ನೇ ಗಿಟಾರಿನ ಮುಂದೆ ತಂದು ನಿಲ್ಲಿಸಿದರು. ಹತ್ತಿರ ತಂದರೆ ಅದು ಕೀರಿಡುತ್ತಿತ್ತು. ದೂರ ಸರಿಸಿದರೆ ಏನೂ ಕೇಳಿಸುತ್ತಿರಲಿಲ್ಲ. ಕೊನೆಗೆ ದೂರವೇ ಇಟ್ಟರು. ಮೂರನೆಯ ಸಾಲಿನಿಂದಾಚೆಗೆ ಕೇಳಿಸಿದ್ದು ಸಭಿಕರ ಮಾತುಕತೆ ಮಾತ್ರ. ಮನೆಗೆ ಬಂದವಳು ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಎರಡು ವಾರ ಹೊರಗೆ ತೆಗೆಯಲಿಲ್ಲ. ಆಮೇಲೆ ಒಂದು ದಿನ ನನ್ನ ಬಳಿ ಬಂದು, "ತಾತ, ಒಳಗೇ ಪಿಕಪ್ಪು ಕೂಡಿಸಿರೋ ಗಿಟಾರು ಬರುತ್ತೆ. ಅದನ್ನ ಕೊಡಿಸ್ತೀರಾ?" ಎಂದಳು. ತಂತಿಯ ಕಂಪನವನ್ನು ವಾದ್ಯದಲ್ಲೇ ಹಿಡಿದು, ವಿದ್ಯುತ್ತಾಗಿ ಮಾರ್ಪಡಿಸಿ ಧ್ವನಿವರ್ಧಕಕ್ಕೆ ಕಳಿಸುವ ಸಾಧನಕ್ಕೆ ಪಿಕಪ್ಪು ಎಂದು ಹೆಸರು. ನಾನು ಒಂದೇ ಮಾತಿನಲ್ಲಿ "ಬೇಡಮ್ಮ" ಎಂದೆ.

ಹಾಗೆನ್ನುವುದಕ್ಕೆ ನನ್ನಲ್ಲಿ ಐವತ್ತು ವರ್ಷ ಹಳೆಯದಾದ ಕಾರಣವೊಂದಿತ್ತು. ನನ್ನ ಸೋದರತ್ತೆ ವೀಣೆ ನುಡಿಸುತ್ತಿದ್ದರು. ಅವರ ವಾದನವನ್ನು ಕೇಳಿದವರು ಮನೆಯವರು ಮತ್ತು ನಾಲ್ಕಾರು ನೆಂಟರು, ಅಷ್ಟೆ. ನಾನು ಹುಡುಗನಾಗಿದ್ದಾಗ ಒಂದು ವರ್ಷ ರಾಮನವಮಿಯ ಪೆಂಡಾಲಿನಲ್ಲಿ ನುಡಿಸಲು ಅವರನ್ನು ಒಪ್ಪಿಸಿ ಕರೆದೊಯ್ದರು. ಧ್ವನಿವರ್ಧಕದವನು ಬಿಲ್ಲೆಯಂಥ ಸಣ್ಣದೊಂದು ಮೈಕನ್ನು ವೀಣೆಯ ಕೊಡದ ಮೇಲೆ ಮೇಣದಿಂದ ಅಂಟಿಸಿದ. ಕಂಬಕ್ಕೆ ಕಟ್ಟಿದ್ದ ತಗಡಿನ ತುತ್ತೂರಿಗಳಿಂದ ತಮ್ಮ ವೀಣೆಯ ದನಿ ಹೊರಟಾಗ ಅತ್ತೆ ಒಂದು ಕ್ಷಣ ಕೈ ನಿಲ್ಲಿಸಿದ್ದನ್ನು ನಾನು ಕಂಡೆ. ಹೇಗೋ ಮುಗಿಸಿ ಬಂದರು. ಹಿಂದಿರುಗುವ ದಾರಿಯಲ್ಲಿ ಅವರು ಆಡಿದ ಮಾತು ಒಂದೇ: "ಅದು ನನ್ನ ವೀಣೆ ಅಲ್ಲ ಕಣೋ." ಮತ್ತೆಂದೂ ಅವರು ಸಭೆಯಲ್ಲಿ ನುಡಿಸಲಿಲ್ಲ.

ಆ ಮಾತು ನನ್ನಲ್ಲಿ ಒಂದು ತೀರ್ಪಿನಂತೆ ಉಳಿದಿತ್ತು. ಆದರೆ ಯಾವುದನ್ನೇ ಆಗಲಿ ತಿರಸ್ಕರಿಸುವ ಮುನ್ನ ಅದರ ಹುಟ್ಟುಬೆಳವಣಿಗೆಗಳನ್ನು ತಿಳಿಯಬೇಕೆಂದು ನಾನೇ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದವನು. ಆದ್ದರಿಂದ ಗಿಟಾರಿನ ಚರಿತ್ರೆಯನ್ನು ಓದತೊಡಗಿದೆ. ಓದಿದಂತೆಲ್ಲ ನನಗೆ ಕಂಡುಬಂದ ಸಂಗತಿಯಿದು: ಆ ವಾದ್ಯದ ಚರಿತ್ರೆಯ ಬಹುಭಾಗವೆಲ್ಲ ಮೆಲುದನಿಯೊಂದು ಇನ್ನೊಂದು ಸಾಲಿನಾಚೆಗೆ ಕೇಳಿಸಲು ನಡೆಸಿದ ಪ್ರಯತ್ನದ ಚರಿತ್ರೆಯೇ ಆಗಿದೆ.

ಇಂದು ನಾವು ಕಾಣುವ ಶಾಸ್ತ್ರೀಯ ಗಿಟಾರಿಗೆ ರೂಪ ಕೊಟ್ಟವನು ಅಂಟೋನಿಯೊ ದೆ ಟೊರೆಸ್. ದಕ್ಷಿಣ ಸ್ಪೇನಿನ ಅಲ್ಮೇರಿಯಾದ ಕಡೆಯವನು. 1817ರಲ್ಲಿ ಹುಟ್ಟಿ 1892ರಲ್ಲಿ ತೀರಿಕೊಂಡ. ಅವನಿಗಿಂತ ಹಿಂದಿನ ಗಿಟಾರುಗಳು ಗಾತ್ರದಲ್ಲೂ ದನಿಯಲ್ಲೂ ಸಣ್ಣವು. ಟೊರೆಸ್ ಅದರ ಒಡಲನ್ನು ಹಿಗ್ಗಿಸಿದ. ಮೇಲ್ಹಲಗೆಯನ್ನು ತೆಳ್ಳಗೆ ಮಾಡಿ, ಅದು ಮುರಿಯದಂತೆ ಒಳಭಾಗದಲ್ಲಿ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಏಳು ಪಟ್ಟಿಗಳನ್ನು ಆಧಾರವಾಗಿ ಅಂಟಿಸಿದ. ನಾದ ಹುಟ್ಟುವುದು ಮೇಲ್ಹಲಗೆಯಿಂದಲೇ ಎಂಬುದು ಅವನ ದೃಢವಾದ ನಂಬಿಕೆ. ಅದನ್ನು ತೋರಿಸಿಕೊಡಲು 1862ರಲ್ಲಿ ಒಂದು ವಿಚಿತ್ರ ಗಿಟಾರನ್ನು ಕಟ್ಟಿದ. ಅದರ ಮೇಲ್ಹಲಗೆ ಒಳ್ಳೆಯ ಮರದ್ದು. ಬೆನ್ನು ಮತ್ತು ಪಕ್ಕಗಳು ಬರಿಯ ರಟ್ಟಿನವು! ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿ ಆ ವಾದ್ಯವನ್ನು ಕಾಪಾಡಿಕೊಂಡು ಬಂದಿದ್ದಾರೆ. ಈ ರಟ್ಟಿನ ಗಿಟಾರನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ. ಅದರ ಪ್ರಸ್ತಾಪ ಮುಂದೆ ಬರುತ್ತದೆ.

ಟೊರೆಸ್ ಕಟ್ಟಿದ ಗಿಟಾರನ್ನು ನುಡಿಸಿ ಹೆಸರಾದವನು ಫ್ರಾನ್ಸಿಸ್ಕೊ ಟಾರೆಗಾ. ಅವನಿಗೆ ಪ್ರಿಯವಾಗಿದ್ದುದು ಚಿಕ್ಕ ಕೋಣೆ, ಆಪ್ತರ ಸಣ್ಣ ಗುಂಪು. ಬಾಳಿನ ಕೊನೆಯ ವರ್ಷಗಳಲ್ಲಿ ಅವನು ಉಗುರುಗಳನ್ನೂ ಕತ್ತರಿಸಿಕೊಂಡು ಬರಿಯ ಬೆರಳ ತುದಿಯಿಂದ ಮೀಟುತ್ತಿದ್ದನಂತೆ. ಇದ್ದ ಮೆಲುದನಿಯನ್ನು ಇನ್ನೂ ಮೆದುವಾಗಿಸಿಕೊಂಡ ಮಹಾನುಭಾವ! ಟಾರೆಗಾ 1909ರಲ್ಲಿ ತೀರಿಕೊಂಡ. ಅವನ ಅನಂತರದ ತಲೆಮಾರಿನ ಆಂದ್ರೇಸ್ ಸೆಗೋವಿಯಾ ಅವರ ದಾರಿ ಬೇರೆ. 1893ರಲ್ಲಿ ಹುಟ್ಟಿ 1987ರವರೆಗೆ ಬಾಳಿದ ಸೆಗೋವಿಯಾ, ಗಿಟಾರನ್ನು ಮನೆಯ ಪಡಸಾಲೆಯಿಂದ ಪ್ಯಾರಿಸ್, ನ್ಯೂಯಾರ್ಕುಗಳ ದೊಡ್ಡ ಸಭಾಂಗಣಗಳಿಗೆ ಒಯ್ದರು. ಆದರೆ ಮೈಕಿನ ಸಹಾಯ ಪಡೆಯಲು ಒಪ್ಪಲಿಲ್ಲ. ಸಾವಿರಾರು ಮಂದಿಯನ್ನು ಉಸಿರು ಬಿಗಿಹಿಡಿದು ಕೂರುವಂತೆ ಮಾಡಿ, ಆ ಮೌನದಲ್ಲಿ ನುಡಿಸುವುದು ಅವರ ಕ್ರಮ. ವಾದ್ಯ ಜನರ ಬಳಿಗೆ ಹೋಗಬೇಕಾಗಿಲ್ಲ, ಜನರ ಕಿವಿಯೇ ವಾದ್ಯದ ಬಳಿಗೆ ಬರಲಿ ಎಂಬ ನಿಲುವು ಅದು.

ಹಾಗೆಂದು ಸೆಗೋವಿಯಾ ಹೊಸದನ್ನೆಲ್ಲ ದೂರವಿಟ್ಟವರಲ್ಲ. ಅವರ ಕಾಲದವರೆಗೆ ಗಿಟಾರಿನ ತಂತಿ ಕುರಿಯ ಕರುಳಿನದು. ಎರಡನೆಯ ಮಹಾಯುದ್ಧದಲ್ಲಿ ಶಸ್ತ್ರಚಿಕಿತ್ಸೆಯ ಹೊಲಿಗೆಗೆ ಕರುಳಿನ ಎಳೆ ಬೇಕಾಗಿ, ವಾದ್ಯಗಳಿಗೆ ತಂತಿ ಸಿಗುವುದೇ ಕಷ್ಟವಾಯಿತು. 1938ರಲ್ಲಿ ಡ್ಯುಪಾಂಟ್ ಕಂಪನಿ ಲೋಕಕ್ಕೆ ಪರಿಚಯಿಸಿದ ನೈಲಾನಿನಿಂದ ತಂತಿ ಮಾಡುವ ಕೆಲಸವನ್ನು ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್ 1940ರ ದಶಕದಲ್ಲಿ ಕೈಗೊಂಡ. ಸೆಗೋವಿಯಾ ಅದಕ್ಕೆ ಬೆಂಬಲವಾಗಿ ನಿಂತರು. ಇಂದು ನಾವು ಪರಂಪರಾಗತವೆಂದು ಭಾವಿಸುವ ಈ ತಂತಿ ಹೀಗೆ ಕಾರ್ಖಾನೆಯ ಕೂಸು, ಯುದ್ಧಕಾಲದ ಕೂಸು. ಇದನ್ನು ಓದಿದಾಗ ನನ್ನ 'ಬೇಡ'ದ ಬುಡ ಮೊದಲ ಬಾರಿಗೆ ಸ್ವಲ್ಪ ಅಲುಗಿತು.

ಸಭೆ ದೊಡ್ಡದಾದಂತೆ ಸಮಸ್ಯೆಯೂ ದೊಡ್ಡದಾಯಿತು. ವಾದ್ಯವೃಂದದೊಡನೆ ನುಡಿಸಬೇಕಾದಾಗ ಗಿಟಾರಿನ ಗತಿಯೇನು? ಹುವಾಕಿನ್ ರೊಡ್ರೀಗೊ ಎಂಬ ಸಂಗೀತಕಾರರು 1939ರಲ್ಲಿ ಗಿಟಾರು ಮತ್ತು ವಾದ್ಯವೃಂದಕ್ಕಾಗಿ ಅರಾಂಹ್ವೆಸ್ ಅರಮನೆಯ ಉದ್ಯಾನಗಳ ನೆನಪಿನ ಕೃತಿಯೊಂದನ್ನು ರಚಿಸಿದರು. ಮೂರನೆಯ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡ ಅವರು ಸ್ವತಃ ಗಿಟಾರುವಾದಕರಲ್ಲ, ಪಿಯಾನೋ ನುಡಿಸುವವರು. ಆದರೂ ಗಿಟಾರಿನ ದನಿಯ ದುರ್ಬಲತೆಯನ್ನು ಚೆನ್ನಾಗಿ ಬಲ್ಲವರು. ಗಿಟಾರು ಮಾತನಾಡುವಾಗ ಉಳಿದ ವಾದ್ಯಗಳು ತಗ್ಗುವಂತೆ, ಇಲ್ಲವೆ ಸುಮ್ಮನಾಗುವಂತೆ ಹೆಣೆದರು. 1940ರ ನವೆಂಬರಿನಲ್ಲಿ ಬಾರ್ಸಿಲೋನಾದಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ಕೃತಿಕಾರ ಇಷ್ಟೆಲ್ಲ ಎಚ್ಚರ ವಹಿಸಿದ್ದರೂ, ಮುಂದಿನ ಕಾಲದ ಅನೇಕ ವಾದಕರು ಇಂಥ ಕೃತಿಗಳಿಗೆ ಧ್ವನಿವರ್ಧಕವನ್ನು ಆಶ್ರಯಿಸಿದರು. ಅದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡವರಲ್ಲಿ ಜಾನ್ ವಿಲಿಯಮ್ಸ್ ಪ್ರಮುಖರು. ಅವರು ಸೆಗೋವಿಯಾ ಅವರ ಬಳಿಯೇ ಕಲಿತವರೆಂಬುದು ಗಮನಾರ್ಹ.

ಅತ್ತ ಅಮೆರಿಕದಲ್ಲಿ 1930ರ ದಶಕದ ಆರಂಭಕ್ಕೇ ವಿದ್ಯುತ್ ಗಿಟಾರು ಬಂದಿತ್ತಲ್ಲ, ಶಾಸ್ತ್ರೀಯ ಗಿಟಾರಿಗೆ ಅದೇ ಉಪಾಯವನ್ನು ಏಕೆ ಬಳಸಲಿಲ್ಲ ಎಂದು ನೀವು ಕೇಳಬಹುದು. ಕಾರಣ ಸರಳ. ಜಾರ್ಜ್ ಬೋಶಾಂ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಸೇರಿ ಹೊರತಂದ ಆ ವಾದ್ಯದಲ್ಲಿ ತಂತಿಯ ಬಳಿ ಒಂದು ಅಯಸ್ಕಾಂತವೂ ತಾಮ್ರದ ಸುರುಳಿಯೂ ಇದ್ದವು. ಉಕ್ಕಿನ ತಂತಿ ಅದುರಿದಾಗ ಅಯಸ್ಕಾಂತದ ಕ್ಷೇತ್ರ ಕದಲಿ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅಯಸ್ಕಾಂತಕ್ಕೆ ನೈಲಾನಿನ ಪರಿವೆಯೇ ಇಲ್ಲ. ಅದರ ಮುಂದೆ ನೈಲಾನ್ ತಂತಿ ಎಷ್ಟು ಅದುರಿದರೂ ಅದು ಕಿವುಡು. ಮೆಲುದನಿಯ ಈ ವಾದ್ಯಕ್ಕೆ ಬೇರೆ ಬಗೆಯ ಕಿವಿ ಬೇಕಾಗಿತ್ತು.

ಆ ಕಿವಿಯ ಬೀಜ ಬಹಳ ಹಿಂದೆಯೇ, 1880ರಲ್ಲಿ, ಪ್ಯಾರಿಸ್ಸಿನಲ್ಲಿ ದೊರೆತಿತ್ತು. ಝಾಕ್ ಮತ್ತು ಪಿಯರ್ ಕ್ಯೂರಿ ಎಂಬ ಅಣ್ಣತಮ್ಮಂದಿರು ಬೆಣಚುಕಲ್ಲಿನಂಥ ಕೆಲವು ಹರಳುಗಳನ್ನು ಒತ್ತಿದಾಗ ಅವುಗಳ ಮೈಮೇಲೆ ವಿದ್ಯುತ್ತು ಮೂಡುವುದನ್ನು ಕಂಡುಹಿಡಿದರು. ಒತ್ತುವುದು ಎಂಬರ್ಥದ ಗ್ರೀಕ್ ಪದದಿಂದ ಈ ಗುಣಕ್ಕೆ 'ಪೀಜೋ' ವಿದ್ಯುತ್ತೆಂದು ಹೆಸರಾಯಿತು. ತಮ್ಮನಾದ ಪಿಯರ್ ಮುಂದೆ ಮೇರಿ ಕ್ಯೂರಿಯ ಪತಿಯಾದ. ಆಕೆಯ ವಿಕಿರಣದ ಅಳತೆಗಳಿಗೂ ಇದೇ ಹರಳು ನೆರವಾಯಿತು. ನಮ್ಮ ಹಿರಿಯರ ಮನೆಗಳ ರೆಕಾರ್ಡ್ ಪ್ಲೇಯರುಗಳಲ್ಲಿ ಮುಳ್ಳಿನ ಅದುರನ್ನು ಹಿಡಿಯುತ್ತಿದ್ದುದೂ ಎಷ್ಟೋ ವೇಳೆ ಇಂಥದೇ ಹರಳು. ಅದಕ್ಕೆ ತಂತಿ ಉಕ್ಕಿನದೇ, ನೈಲಾನಿನದೇ ಎಂಬ ಭೇದವಿಲ್ಲ; ಒತ್ತಡವೊಂದಿದ್ದರೆ ಸಾಕು. ಗಿಟಾರಿನಲ್ಲಿ ತಂತಿಯ ಒತ್ತಡವೆಲ್ಲ ಬಂದು ಬೀಳುವ ಜಾಗ ಯಾವುದು? ನಮ್ಮ ವೀಣೆಯಲ್ಲಿ ಯಾವುದನ್ನು ಕುದುರೆ ಎನ್ನುತ್ತೇವೆಯೋ ಅದೇ. ಗಿಟಾರಿನ ಕುದುರೆಯ ಮೇಲೆ ಎಲುಬಿನದೋ ಪ್ಲಾಸ್ಟಿಕ್ಕಿನದೋ ಬಿಳಿಯ ಪಟ್ಟಿಯೊಂದಿರುತ್ತದೆ. ಅದರ ಅಡಿಯಲ್ಲಿ ಈ ಕಿವಿಯನ್ನು ಇಡಬಹುದೆಂದು 1960ರ ದಶಕದಲ್ಲಿ ಅಮೆರಿಕದ ತಯಾರಕರು ಕಂಡುಕೊಂಡರು.

ಪಿಯಾನೋ ಮಾಡುತ್ತಿದ್ದ ಬಾಲ್ಡ್‌ವಿನ್ ಕಂಪನಿ ನೈಲಾನ್ ತಂತಿಯ ಗಿಟಾರಿಗೆಂದು ಇಂಥ ಪಿಕಪ್ಪನ್ನು ಹೊರತಂದಿತು. ಹೆಲಿಕಾಪ್ಟರುಗಳನ್ನು ಕಟ್ಟುತ್ತಿದ್ದ ಚಾರ್ಲ್ಸ್ ಕಮಾನ್ ಎಂಬ ಎಂಜಿನಿಯರ್ ಗಿಟಾರಿನ ಮೋಹದಿಂದ 1966ರಲ್ಲಿ ಒವೇಶನ್ ಕಂಪನಿಯನ್ನು ಆರಂಭಿಸಿದ. ಅದು ಮುಂದೆ ಆರು ತಂತಿಗಳ ಅಡಿಯಲ್ಲಿ ಆರು ಹರಳುಗಳನ್ನಿಟ್ಟಿತು. ಆ ಗಿಟಾರಿನ ಬೆನ್ನು ಮರದ್ದಲ್ಲ. ನಾರು ಬೆರೆಸಿದ ಪ್ಲಾಸ್ಟಿಕ್ಕಿನ ದುಂಡನೆಯ ಬೋಗುಣಿ. ನೋಡಿದರೆ ವೀಣೆಯ ಕೊಡ ನೆನಪಾಗುತ್ತದೆ. ಟೊರೆಸನ ರಟ್ಟಿನ ಗಿಟಾರನ್ನು ಇಲ್ಲಿ ಸ್ಮರಿಸಬಹುದು. ಮೇಲ್ಹಲಗೆ ಮರದ್ದಾಗಿದ್ದರೆ ಬೆನ್ನು ಯಾವುದಾದರೂ ಆದೀತೆಂದು ಅವನು ಕಟ್ಟಿ ತೋರಿಸಿದ ನೂರು ವರ್ಷಗಳ ಮೇಲೆ ಹೆಲಿಕಾಪ್ಟರಿನವನು ಅದೇ ಮಾತನ್ನು ಹೊಸ ವಸ್ತುವಿನಲ್ಲಿ ಹೇಳಿದ.

ಪಿಕಪ್ಪುಳ್ಳ ಶಾಸ್ತ್ರೀಯ ಗಿಟಾರುಗಳಲ್ಲೆಲ್ಲ ಬಹುಶಃ ಅತ್ಯಂತ ಪ್ರಸಿದ್ಧವಾದುದು ಶಾಸ್ತ್ರೀಯ ವಾದಕನದಲ್ಲ. ಅಮೆರಿಕದ ಜನಪ್ರಿಯ ಹಾಡುಗಾರ ವಿಲ್ಲಿ ನೆಲ್ಸನ್ ಅವರದು. 1969ರಲ್ಲಿ ಟೆಕ್ಸಾಸಿನ ಹೆಲೋಟೆಸ್ ಎಂಬ ಊರಿನಲ್ಲಿ ಕುಡಿದವನೊಬ್ಬ ಅವರ ಬಾಲ್ಡ್‌ವಿನ್ ಗಿಟಾರನ್ನು ತುಳಿದು ಮುರಿದ. ರಿಪೇರಿಗೆಂದು ನ್ಯಾಶ್‌ವಿಲ್ಲಿನ ಶಾಟ್ ಜಾಕ್ಸನ್‌ಗೆ ಕಳಿಸಿದರು. ಮುರಿದದ್ದು ಸರಿಹೋಗುವಂತಿರಲಿಲ್ಲ. ಆದರೆ ಅದರ ಪಿಕಪ್ಪು ಚೆನ್ನಾಗಿತ್ತು. ಮಾರ್ಟಿನ್ ಕಂಪನಿಯ ನೈಲಾನ್ ತಂತಿಯ ಗಿಟಾರೊಂದು ಅಂಗಡಿಯಲ್ಲಿದೆ, ಪಿಕಪ್ಪನ್ನು ಅದಕ್ಕೆ ಕೂಡಿಸಿಕೊಡಲೇ ಎಂದು ಜಾಕ್ಸನ್ ಕೇಳಿದಾಗ, ನೆಲ್ಸನ್ ವಾದ್ಯವನ್ನು ಕಣ್ಣಿನಿಂದ ಕೂಡ ನೋಡದೆ 750 ಡಾಲರಿಗೆ ಕೊಂಡರು. ಸಿನಿಮಾ ನಟ ರಾಯ್ ರಾಜರ್ಸನ ಕುದುರೆಯ ಹೆಸರಾದ 'ಟ್ರಿಗರ್' ಎಂಬುದನ್ನೇ ಅದಕ್ಕೆ ಇಟ್ಟರು. ಕುದುರೆಯ ಮೇಲೆ ತಂತಿ ಹೂಡುವ ನಾಡಿನವರಾದ ನಮಗೆ ಈ ಹೆಸರು ಕೇಳಿ ನಗು ಬಂದರೆ ತಪ್ಪಿಲ್ಲ. ಮನೆಗೆ ಬೆಂಕಿ ಬಿದ್ದಾಗ ನೆಲ್ಸನ್ ಒಳಗೆ ನುಗ್ಗಿ ಉಳಿಸಿ ತಂದವುಗಳಲ್ಲಿ ಆ ಗಿಟಾರು ಒಂದು. ಬೆರಳಿಂದ ಮೀಟಬೇಕಾದ ವಾದ್ಯವನ್ನು ಅವರು ಮೀಟುಬಿಲ್ಲೆಯಿಂದ ಮೀಟುತ್ತ ಹೋದದ್ದರಿಂದ ಮೇಲ್ಹಲಗೆ ಸವೆದು ಇನ್ನೊಂದು ದೊಡ್ಡ ತೂತೇ ಬಿತ್ತು. ಆದರೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅವರು ಅದನ್ನು ಬಿಡಲಿಲ್ಲ. ಸಾವಿರಾರು ಜನರ ಬಯಲಿನ ಸಭೆಗಳಲ್ಲಿ ಅದರ ದನಿ ಕೇಳಿದೊಡನೆ ಅದು ಯಾರದೆಂದು ಜನ ಗುರುತಿಸುತ್ತ ಬಂದರು. ವಿದ್ಯುತ್ತು ದನಿಯನ್ನು ಅನಾಮಧೇಯಗೊಳಿಸುತ್ತದೆಂಬ ನನ್ನ ವಾದಕ್ಕೆ ಇದು ಸರಿಯಾದ ಪೆಟ್ಟು.

ಅದಿರಲಿ. ಅತ್ತೆಯ ಮಾತು ಸುಳ್ಳೇ? ಸುಳ್ಳಲ್ಲ. ತಂತಿಯ ನಾದ ಕುದುರೆಯ ಮೂಲಕ ಹಲಗೆಗೆ ಇಳಿದು, ಒಡಲಿನ ಗಾಳಿಯನ್ನು ಅಲುಗಿಸಿ, ಕೋಣೆಯ ಗೋಡೆಗಳನ್ನು ತಟ್ಟಿ ನಮ್ಮನ್ನು ಸೇರುತ್ತದೆ. ಕುದುರೆ ಎಷ್ಟು ಮಹತ್ವದ್ದೆಂಬುದನ್ನು ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿಗೆ ಬರುವ ಮೊದಲೇ, 1920ರ ದಶಕದ ಆರಂಭದಲ್ಲಿ, ವೀಣೆ ತಂಬೂರಿಗಳ ವಿಷಯದಲ್ಲಿ ವಿವರಿಸಿದ್ದರು. ಅವುಗಳ ಕುದುರೆಯ ಬಾಗಿದ ಮೈಯಿಂದಾಗಿಯೇ ತಂತಿಯಲ್ಲಿ ಅನುಸ್ವರಗಳು ಅಷ್ಟು ತುಂಬಿಕೊಂಡಿರುತ್ತವೆ ಎಂಬುದು ಅವರು ತೋರಿಸಿದ ಸಂಗತಿ. ಆದರೆ ಕುದುರೆಯ ಕೆಳಗಿನ ಕಿವಿ ಕೇಳುವುದು ಯಾತ್ರೆಯ ಮೊದಲ ಹೆಜ್ಜೆಯನ್ನು ಮಾತ್ರ. ಒಡಲಿನ ಗಾಳಿ, ಕೋಣೆಯ ಗೋಡೆ ಅದರ ಲೆಕ್ಕಕ್ಕೆ ಅಷ್ಟಾಗಿ ಸೇರುವುದಿಲ್ಲ. ಅದರಿಂದಲೇ ಆ ದನಿ ಒಣಗಿದಂತೆ, ಮೂಗಿನಿಂದ ಬಂದಂತೆ ಕೇಳುತ್ತದೆ. "ಅದು ನನ್ನ ವೀಣೆ ಅಲ್ಲ" ಎಂದು ಅತ್ತೆ ಅಂದದ್ದು ವಿಜ್ಞಾನಕ್ಕೂ ಒಪ್ಪುವ ಮಾತು.

ಆದರೆ ಆ ರಾತ್ರಿ ಇನ್ನೊಂದು ಮಾತೂ ನನ್ನ ಕಿವಿಗೆ ಬಿದ್ದಿತ್ತು. ಅದನ್ನು ಇಷ್ಟು ವರ್ಷ ಮರೆತಿದ್ದೆನೋ, ಮರೆಯಲು ಇಷ್ಟಪಟ್ಟಿದ್ದೆನೋ ತಿಳಿಯದು. ಪೆಂಡಾಲಿನ ಹಿಂಭಾಗದಲ್ಲಿ ಹೆಂಗಸರ ನಡುವೆ ಕುಳಿತಿದ್ದ ನನ್ನ ತಾಯಿ ಮನೆಗೆ ಬಂದ ಮೇಲೆ, "ಇಷ್ಟು ವರ್ಷ ಅಡಿಗೆಮನೆಯಿಂದ ಅರ್ಧಂಬರ್ಧ ಕೇಳಿದ್ದೆ. ಇವತ್ತು ಕೂತು ಪೂರ್ತಿ ಕೇಳಿದೆ" ಎಂದಿದ್ದರು. ನುಡಿಸಿದವರಿಗೆ ನಷ್ಟವಾಗಿತ್ತು, ಕೇಳಿದವರಿಗೆ ಲಾಭವಾಗಿತ್ತು. ನಾನು ನಷ್ಟದ ಲೆಕ್ಕವನ್ನಷ್ಟೆ ಬರೆದಿಟ್ಟುಕೊಂಡೆ. ಈಗ ನಾನಾಡುತ್ತಿರುವ ಮಾತು ಕೂಡ ನಿಮ್ಮನ್ನು ಮುಟ್ಟುತ್ತಿರುವುದು ನನ್ನ ಮುಂದಿರುವ ಮೈಕಿನ ಕಿವಿಯ ಮೂಲಕವೇ ಅಲ್ಲವೆ?

ಕೊನೆಗೆ ಮೊಮ್ಮಗಳು, ಅವಳ ಗುರುಗಳು, ನಾನು ಮೂವರೂ ಬೆಂಗಳೂರಿನ ಅಂಗಡಿಯೊಂದಕ್ಕೆ ಹೋದೆವು. ಗುರುಗಳು ವಾದ್ಯವನ್ನು ಆರಿಸಿದ ಕ್ರಮ ನನಗೆ ಬಹಳ ಹಿಡಿಸಿತು. ಮೊದಲ ಒಂದು ಗಂಟೆ ಯಾವ ಗಿಟಾರಿಗೂ ವಿದ್ಯುತ್ತಿನ ಸಂಪರ್ಕ ಕೊಡಲು ಅವರು ಬಿಡಲಿಲ್ಲ. "ಬರಿಗೈಯಲ್ಲಿ ಮಾತನಾಡದ ಮರ ಕರೆಂಟು ಕೊಟ್ಟರೂ ಮಾತನಾಡದು" ಎಂದರು. ಮೇಲ್ಹಲಗೆ ಇಡೀ ಮರದ್ದೋ, ಪದರಗಳನ್ನು ಅಂಟಿಸಿದ್ದೋ ಎಂದು ದುಂಡನೆಯ ಬಾಯಿಯ ಅಂಚಿನಲ್ಲಿ ಎಳೆಗಳನ್ನು ನೋಡಿ ತಿಳಿದುಕೊಂಡರು. ತಂತಿಗಳ ಉದ್ದ ಟೊರೆಸನ ಕಾಲದಿಂದ ರೂಢಿಯಾದ 650 ಮಿಲಿಮೀಟರೇ ಎಂದು ಅಳೆದರು. ಪಿಕಪ್ಪುಳ್ಳ ಗಿಟಾರುಗಳಲ್ಲಿ ಕತ್ತನ್ನು ಕಿರಿದು ಮಾಡುವ ರೂಢಿಯುಂಟಂತೆ. ಕತ್ತಿನ ತುದಿಯಲ್ಲಿ ಅಗಲ 52 ಮಿಲಿಮೀಟರಿನಷ್ಟಿಲ್ಲದಿದ್ದರೆ ಇವಳು ಕಲಿತ ಬೆರಳುಗಾರಿಕೆಗೆ ತೊಡಕಾದೀತೆಂದು ಅಂಥವನ್ನು ಬದಿಗಿಟ್ಟರು. ಬೆನ್ನು, ಪಕ್ಕಗಳಿಗೆ ಬಳಸಿದ್ದು ಬೀಟೆ ಮರ. ನಮ್ಮ ಪಶ್ಚಿಮಘಟ್ಟಗಳಲ್ಲಿ ಬೆಳೆಯುವ ಬೀಟೆಯನ್ನು ಲೋಕದ ಗಿಟಾರು ತಯಾರಕರು ಬಹುವಾಗಿ ಬಯಸುತ್ತಾರೆಂದು ಕೇಳಿ, ಕಾರಣವಿಲ್ಲದೆ ನನಗೆ ಹೆಮ್ಮೆಯಾಯಿತು.

ಆಮೇಲೆ ವಿದ್ಯುತ್ತಿನ ಸರದಿ. ಆರು ತಂತಿಗಳನ್ನೂ ಒಂದೇ ಬಲದಿಂದ ಮೀಟಿಸಿದರು. ಬಿಳಿಯ ಪಟ್ಟಿ ಕೆಳಗಿನ ಪಿಕಪ್ಪಿನ ಮೇಲೆ ಸಮವಾಗಿ ಕೂರದಿದ್ದರೆ ಒಂದು ತಂತಿ ಕೂಗುತ್ತದೆ, ಇನ್ನೊಂದು ಪಿಸುಗುಡುತ್ತದೆ. ಆಮೇಲೆ ದನಿಯನ್ನು ಏರಿಸುತ್ತ ಹೋಗಿ, ವಾದ್ಯ ಯಾವ ಮಟ್ಟದಲ್ಲಿ ಊಳಿಡುತ್ತದೆಂದು ಪರೀಕ್ಷಿಸಿದರು. ಧ್ವನಿವರ್ಧಕದಿಂದ ಹೊರಟ ನಾದ ಮತ್ತೆ ಹಲಗೆಯನ್ನು ಅಲುಗಿಸಿ, ಆ ಅಲುಗಾಟ ಮತ್ತೆ ಧ್ವನಿವರ್ಧಕವನ್ನು ಸೇರುವುದರಿಂದ ಏಳುವ ಕೂಗು ಅದು. ಹರಳಿನ ವಿದ್ಯುತ್ತು ಬಹಳ ಕ್ಷೀಣವಾದ್ದರಿಂದ ಅದನ್ನು ಬಲಪಡಿಸಲು ವಾದ್ಯದೊಳಗೇ ಬ್ಯಾಟರಿಯ ಸಣ್ಣ ಯಂತ್ರವೊಂದು ಬೇಕು. ಹಲವು ಗಿಟಾರುಗಳಲ್ಲಿ ಅದಕ್ಕಾಗಿ ಪಕ್ಕದ ಮರವನ್ನು ಚೌಕಾಕಾರವಾಗಿ ಕೊರೆದಿದ್ದರು. ಅದನ್ನು ಕಂಡು ನನ್ನ ಮುಖ ಸಪ್ಪಗಾದದ್ದನ್ನು ಗುರುಗಳು ಗಮನಿಸಿರಬೇಕು. ಮರ ಕೊರೆಯದೆ, ಯಂತ್ರವನ್ನು ಬಾಯಿಯ ಒಳ ಅಂಚಿಗೆ ಅಂಟಿಸಿದ್ದ ಗಿಟಾರೊಂದನ್ನು ತೋರಿಸಿದರು. ನಾಳೆ ಪಿಕಪ್ಪು ಕೆಟ್ಟರೂ ಗಿಟಾರು ಗಿಟಾರಾಗಿಯೇ ಉಳಿಯುತ್ತದೆ. ಅದನ್ನೇ ಕೊಂಡೆವು.

ಈ ವರ್ಷದ ಕಾರ್ಯಕ್ರಮದಲ್ಲಿ ನಾನು ಬೇಕೆಂದೇ ಕೊನೆಯ ಸಾಲಿನಲ್ಲಿ ಕುಳಿತೆ. ಅವಳು ನುಡಿಸಿದ್ದು ಅಲ್ಲಿಯವರೆಗೂ ಕೇಳಿಸಿತು. ಮನೆಯಲ್ಲಿ ಕೇಳುವ ದನಿಯಲ್ಲ ಅದು; ಕೊಂಚ ಗಡುಸಾಗಿತ್ತು, ಕೊಂಚ ಒಣಗಿತ್ತು. ಆದರೆ ಸ್ವರದಿಂದ ಸ್ವರಕ್ಕೆ ಹೋಗುವಾಗ ಅವಳು ತುಸು ತಡೆಯುವ ರೀತಿ ಇದೆಯಲ್ಲ, ಅದು ಹಾಗೆಯೇ ಇತ್ತು. ನನ್ನ ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳು ತೊಡೆಯ ಮೇಲಿನ ಮಗುವನ್ನು ಸುಮ್ಮನಿರಿಸುತ್ತ ಕೊನೆಯವರೆಗೂ ಕೇಳಿದಳು. ಮನೆಗೆ ಬಂದ ಮೇಲೆ, "ಹೇಗಿತ್ತು ತಾತ?" ಎಂದು ಕೇಳಿದಳು ಮೊಮ್ಮಗಳು. "ಪೂರ್ತಿ ಕೇಳಿಸಿತಮ್ಮ" ಎಂದೆ.



(ಆಕಾಶವಾಣಿ ಭಾಷಣ)